ಔಷಧಿಯ ಕಣಕ್ಕೆ ರಕ್ತಕಣದ ಪೊರೆ ತೊಡಿಸಿದ್ದು: ನನ್ನ ಅನುಭವ

ಮೊದಲ ಸಲ ಅಳೆದಾಗ ಗಾತ್ರ ಸರಿಯಾಗಿಯೇ ಬಂತು. ಔಷಧಿ ತುಂಬುವ, ಪಿಎಲ್‌ಜಿಎ ಅನ್ನೋ ಪಾಲಿಮರ್‌ನ ಬರೀ ಕಣ 72 ನ್ಯಾನೋಮೀಟರ್, ಪೊರೆ ತೊಡಿಸಿದ ಮೇಲೆ 88. ಪೊರೆಯ ದಪ್ಪ 7ರಿಂದ 8 ನ್ಯಾನೋಮೀಟರ್. ಎರಡೂ ಬದಿ ಸೇರಿದರೆ ಲೆಕ್ಕ ಸರಿ, ಅಲ್ವಾ? ಕೆಲಸ ಮುಗಿಯಿತು ಅಂತ ಖುಷಿಪಟ್ಟೆ. ಮಾರನೇ ದಿನ ಅದನ್ನು ಪಿಬಿಎಸ್ ಅನ್ನೋ ಉಪ್ಪುನೀರಿನ ಬಫರ್‌ಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಟ್ಯೂಬಿನ ತಳದಲ್ಲಿ ಬಿಳಿ ಗಸಿ ಕೂತಿತ್ತು.

ಕೆಂಪು ರಕ್ತಕಣದ ಪೊರೆಯೇ ಏಕೆ ಅಂತ ಹೇಳಿಬಿಡುತ್ತೇನೆ. ರಕ್ತಕ್ಕೆ ಬಿಟ್ಟ ಔಷಧಿಯ ಕಣಗಳನ್ನು ಯಕೃತ್ತು ಮತ್ತು ಗುಲ್ಮದ ಮ್ಯಾಕ್ರೋಫೇಜ್‌ಗಳು, ಅಂದರೆ ಹೊರಗಿನ ವಸ್ತುಗಳನ್ನು ನುಂಗುವ ಕೋಶಗಳು, ಬೇಗನೆ ನುಂಗಿಬಿಡುತ್ತವೆ. ಕೆಂಪು ರಕ್ತಕಣ ಮಾತ್ರ ನಮ್ಮ ದೇಹದಲ್ಲಿ ಸುಮಾರು 120 ದಿನ ಓಡಾಡಿಕೊಂಡಿರುತ್ತದೆ. ಅದರ ಮೇಲಿರುವ ಸಿಡಿ47 ಅನ್ನೋ ಪ್ರೋಟೀನ್ 'ನನ್ನನ್ನು ನುಂಗಬೇಡ' ಅಂತ ಮ್ಯಾಕ್ರೋಫೇಜ್‌ಗೆ ಹೇಳುತ್ತದೆ. ಆ ಪೊರೆಯನ್ನೇ ಪಾಲಿಮರ್ ಕಣಕ್ಕೆ ತೊಡಿಸಬಹುದು ಅಂತ 2011ರಲ್ಲಿ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಯಾಂಗ್‌ಫಾಂಗ್ ಝಾಂಗ್ ತಂಡ ತೋರಿಸಿತು. ನಾನು ಹಿಡಿದದ್ದು ಅದೇ ದಾರಿ.

ನನ್ನ ತಪ್ಪು ಶುರುವಾಗಿದ್ದು ಪೊರೆ ತೆಗೆಯುವಾಗಲೇ. ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ರಕ್ತವನ್ನು ತಣ್ಣಗೆ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ 800 ಜಿಯಲ್ಲಿ (ಗುರುತ್ವದ 800 ಪಟ್ಟು ಬಲದಲ್ಲಿ) 5 ನಿಮಿಷ ತಿರುಗಿಸಿ, ಮೇಲಿನ ಪ್ಲಾಸ್ಮಾ ಮತ್ತು ಬಿಳಿಕಣಗಳ ಪದರ ತೆಗೆಯುತ್ತೇವೆ. ಆಮೇಲೆ ಕಾಲು ಭಾಗಕ್ಕೆ ತೆಳುವಾಗಿಸಿದ ಪಿಬಿಎಸ್‌ನಲ್ಲಿ, ಐಸ್ ಮೇಲೆ 20 ನಿಮಿಷ. ನೀರು ಒಳಗೆ ನುಗ್ಗಿ ರಕ್ತಕಣ ಉಬ್ಬುತ್ತದೆ, ಹಿಮೋಗ್ಲೋಬಿನ್ ಹೊರಗೆ ಸೋರುತ್ತದೆ. ಜೋರಾಗಿ ತಿರುಗಿಸಿದರೆ ಮೇಲೆ ಕೆಂಪು ನೀರು, ತಳದಲ್ಲಿ ತಿಳಿ ಗುಲಾಬಿ ಪೊರೆ. ಈ ಪೊರೆ ಗಟ್ಟಿಯಾಗಿ ಕೂರುವುದಿಲ್ಲ. ಟ್ಯೂಬ್ ಸ್ವಲ್ಪ ವಾಲಿದರೂ ಜಾರುತ್ತದೆ. ಅದರ ಅಡಿಯಲ್ಲಿ ಒಮ್ಮೊಮ್ಮೆ ಗಟ್ಟಿಯಾದ ಸಣ್ಣ ಗುಂಡಿಯಂಥದ್ದು ಅಂಟಿಕೊಂಡಿರುತ್ತದೆ. ಅದರಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಜಾಸ್ತಿ. ಪೊರೆಯ ಜೊತೆ ಅದು ಬರಬಾರದು.

ಪ್ರತಿ ಸಲ ತೊಳೆದಾಗಲೂ ಒಂದಿಷ್ಟು ಪೊರೆ ನೀರಿನ ಜೊತೆ ಹೋಗಿತ್ತು. ನಾನು ಮಾತ್ರ ಇಷ್ಟು ರಕ್ತಕ್ಕೆ ಇಷ್ಟು ಪೊರೆ ಅಂತ ಅಂದಾಜಿನಲ್ಲೇ ಬೆರೆಸಿದ್ದೆ. ಕಣಗಳಿಗೆ ಸಾಲುವಷ್ಟು ಪೊರೆಯೇ ಇರಲಿಲ್ಲ. ಬರೀ ಪಿಎಲ್‌ಜಿಎ ಕಣಗಳನ್ನು ದೂರ ದೂರ ಇಡುವುದು ಅವುಗಳ ಋಣ ಆವೇಶ. ಉಪ್ಪು ಅದನ್ನು ಮರೆಮಾಡುತ್ತದೆ, ಕಣಗಳು ಒಂದಕ್ಕೊಂದು ಅಂಟುತ್ತವೆ. ಆ ಬಿಳಿ ಗಸಿ ಅದೇ. ಈಗ ಪ್ರತಿ ಬ್ಯಾಚಿನಲ್ಲೂ ಪೊರೆಯ ಪ್ರೋಟೀನನ್ನು ಬಿಸಿಎ ಅನ್ನೋ ಬಣ್ಣದ ಪರೀಕ್ಷೆಯಲ್ಲಿ ಅಳೆದು, ಆ ತೂಕದ ಮೇಲೆ ಬೆರೆಸುತ್ತೇನೆ. ಗಾತ್ರದ ಅಳತೆಯನ್ನೊಂದೇ ನಂಬುವುದಿಲ್ಲ. ಉಪ್ಪಿನ ಪರೀಕ್ಷೆ ಪಾಸಾಗಬೇಕು, ಝೀಟಾ ಪೊಟೆನ್ಶಿಯಲ್, ಅಂದರೆ ಕಣದ ಮೇಲ್ಮೈ ಆವೇಶದ ಅಳತೆ, ಬರೀ ಪೊರೆಯ ಬೆಲೆಯ ಹತ್ತಿರ ಬರಬೇಕು.

ಇದೂ ಸಾಲದು ಅಂತ ಆಮೇಲೆ ಗೊತ್ತಾಯಿತು. ಇಂಥ ಕಣಗಳಲ್ಲಿ ಶೇ. 90ರವರೆಗೂ ಅರೆಬರೆ ಪೊರೆಯವೇ ಇರಬಹುದು ಅಂತ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಓದಿದಾಗ ನನ್ನ ಹಳೆಯ ಫಲಿತಾಂಶಗಳನ್ನೆಲ್ಲ ಮತ್ತೆ ತೆರೆದು ನೋಡಿದೆ. ಹಲವನ್ನು ಮತ್ತೆ ಮಾಡಬೇಕಾಯಿತು.

ಕಣದ ಆವೇಶದ ಬಗ್ಗೆಯೂ ಹುಷಾರು. ರಕ್ತಕಣದ ಹೊರಮೈಯಲ್ಲಿ ಸಯಾಲಿಕ್ ಆಮ್ಲ ಇರುವುದರಿಂದ ಅಲ್ಲಿ ಋಣ ಆವೇಶ ಜಾಸ್ತಿ. ಋಣ ಆವೇಶದ ಕಣವನ್ನು ಅದು ದೂರ ತಳ್ಳುತ್ತದೆ. ಹಾಗಾಗಿ ಪೊರೆಯ ಒಳಮೈ ಕಣಕ್ಕೆ ಅಂಟಿ, ಸಿಡಿ47 ಹೊರಗೇ ಉಳಿಯುತ್ತದೆ. ಧನ ಆವೇಶದ ಕಣ ತೆಗೆದುಕೊಂಡರೆ ಎಲ್ಲಾ ಮುದ್ದೆಯಾಗುತ್ತದೆ.

ಇಷ್ಟಾದರೂ ಈ ಪೊರೆ ಔಷಧಿಯನ್ನು ಬಚ್ಚಿಡುತ್ತದೆ, ಅಷ್ಟೇ. ಕ್ಯಾನ್ಸರ್ ಕೋಶದ ವಿಳಾಸ ಅದಕ್ಕೆ ಗೊತ್ತಿಲ್ಲ. ಅದಕ್ಕಾಗಿ ಫೋಲೇಟ್ ಅನ್ನೋ ಬಿ ವಿಟಮಿನ್ ಕಟ್ಟಿದ ಲಿಪಿಡ್ (ಕೊಬ್ಬಿನಂಥ ಅಣು) ಅನ್ನು ಪೊರೆಗೆ ಸೇರಿಸಿದೆ. ಲಿಪಿಡ್‌ನ ಬಾಲ ತಾನಾಗಿಯೇ ಪೊರೆಯೊಳಗೆ ಇಳಿಯುತ್ತದೆ. ಫೋಲೇಟನ್ನು ಹಿಡಿಯುವ ಗ್ರಾಹಕ ಜಾಸ್ತಿ ಇರುವ ಕೆಬಿ ಅನ್ನೋ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದರೆ, ಮೊದಲೆರಡು ಸಲ ಏನೂ ವ್ಯತ್ಯಾಸ ಕಾಣಲಿಲ್ಲ. ಕೋಶ ಬೆಳೆಸುವ ಆರ್‌ಪಿಎಂಐ ದ್ರವದಲ್ಲೇ ಫೋಲಿಕ್ ಆಮ್ಲ (ಫೋಲೇಟ್‌ನದೇ ಇನ್ನೊಂದು ರೂಪ) ಇರುತ್ತದೆ, ಅದೇ ಗ್ರಾಹಕಗಳನ್ನು ತುಂಬಿಬಿಟ್ಟಿತ್ತು. ಫೋಲೇಟ್ ಇಲ್ಲದ ದ್ರವಕ್ಕೆ ಬದಲಾಯಿಸಿದೆ. ಕಣದಲ್ಲಿದ್ದ ಹೊಳೆಯುವ ಬಣ್ಣ ಒಳಗೆ ಸೇರಿ ಕೋಶಗಳು ಹೊಳೆದವು. ಬೇಕೆಂದೇ ಫೋಲಿಕ್ ಆಮ್ಲ ಬೆರೆಸಿದ ಪಕ್ಕದ ಗುಳಿಯಲ್ಲಿ ಆ ಹೊಳಪು ಮತ್ತೆ ಇಳಿಯಿತು. ಕಣ ಸರಿಯಾದ ಬಾಗಿಲಿನಿಂದಲೇ ಒಳಗೆ ಹೋಗುತ್ತಿದೆ ಅಂತ ನಾನು ನಂಬಿದ್ದು ಆವಾಗ.