ಕಲ್ಯಾಣಿ ಹಿಡಿದರೆ ಶಾರ್ಪು, ಹರಿಕಾಂಬೋಜಿ ಹಿಡಿದರೆ ಫ್ಲಾಟು

ಕೀ ಸಿಗ್ನೇಚರ್ (ಪಾಶ್ಚಾತ್ಯ ಸ್ವರಲಿಪಿಯ ಸಾಲಿನ ಆರಂಭದಲ್ಲಿ ಹಾಕುವ ಶಾರ್ಪ್-ಫ್ಲಾಟ್ ಗುರುತುಗಳು) ಕಲಿಸಲು ಮೇಳಕರ್ತ (ಕರ್ನಾಟಕ ಸಂಗೀತದ ಏಳು ಸ್ವರಗಳ ಮೂಲರಾಗಗಳು) ಬಳಸುತ್ತೇನೆ ಅಂದಾಗ ಎರಡೂ ಕಡೆಯವರು ನಕ್ಕಿದ್ದರು. ಪಿಯಾನೊ ಪಾಠ ಹೇಳುವವರು ‘ಎಲ್ಲ ಕಲಸುಮೇಲೋಗರ ಆಗುತ್ತೆ’ ಅಂದರು. ಕರ್ನಾಟಕ ಸಂಗೀತದ ಮೇಷ್ಟ್ರುಗಳು ‘ಶಂಕರಾಭರಣ ಅಂದರೆ ಮೇಜರ್ ಸ್ಕೇಲ್ ಅಲ್ಲಪ್ಪಾ’ ಅಂದರು. ಎರಡನೆಯವರ ಮಾತು ನಿಜ. ಗಮಕ (ಸ್ವರದ ಬಳುಕು) ತೆಗೆದರೆ ಶಂಕರಾಭರಣ ರಾಗವಾಗಿ ಉಳಿಯುವುದಿಲ್ಲ, ಬರೀ ಸ್ವರಸ್ಥಾನಗಳ ಪಟ್ಟಿ. ಆದರೆ ಇಲ್ಲಿ ಬೇಕಾದದ್ದೂ ಆ ಪಟ್ಟಿಯೇ. ಈಗ ನನ್ನ ಹತ್ತಿರ ಕಲಿತವರು ಸ್ವರಲಿಪಿಯ ಹಾಳೆ ನೋಡಿ ಸ್ಕೇಲ್ ಹೇಳುವಷ್ಟರಲ್ಲಿ ಬೇರೆಯವರು ಇನ್ನೂ ಬೆರಳು ಮಡಚುತ್ತಿರುತ್ತಾರೆ. ನಕ್ಕವರಲ್ಲೇ ಒಂದಿಬ್ಬರು ತಮ್ಮ ಶಿಷ್ಯರನ್ನು ಇದೊಂದಕ್ಕೇ ನನ್ನಲ್ಲಿಗೆ ಕಳಿಸುತ್ತಾರೆ.

ಸರಳೆ, ಜಂಟಿ ಮುಗಿಸಿ ನಾಲ್ಕಾರು ಮೇಳಕರ್ತಗಳ ಸ್ವರಸ್ಥಾನ ಬಲ್ಲವರಿಗೆ, ಕೀಬೋರ್ಡ್ ಇರುವವರಿಗೆ, ಟ್ರೆಬಲ್ ಕ್ಲೆಫ್ ನಿಧಾನಕ್ಕಾದರೂ ಓದುವವರಿಗೆ ಇದು. ಶಾರ್ಪ್ ಅಂದರೇನು, ಫ್ಲಾಟ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ.

ಮೊದಲು ಕೈಕೊಟ್ಟ ದಾರಿಗಳು. ಶಾರ್ಪುಗಳ ಕ್ರಮಕ್ಕೆ, ಪದಗಳ ಮೊದಲಕ್ಷರ ಹಿಡಿದು ನೆನಪಿಡುವ ‘ಫಾದರ್ ಚಾರ್ಲ್ಸ್’ ವಾಕ್ಯ ಎಲ್ಲರಿಗೂ ಗೊತ್ತು. ಅದು ಎಫ್, ಸಿ, ಜಿ, ಡಿ, ಎ, ಇ, ಬಿ ಎಂಬ ಸಾಲನ್ನು ಕೊಡುತ್ತದೆ, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕೊಡುವುದಿಲ್ಲ. ಎ ಮೇಜರ್‌ಗೆ ಎಷ್ಟು ಶಾರ್ಪ್ ಅಂದರೆ ವಾಕ್ಯ ಪೂರ್ತಿ ಒಪ್ಪಿಸಿ ಮುಖ ನೋಡುತ್ತಾರೆ. ಆಮದು ಫ್ಲ್ಯಾಶ್ ಕಾರ್ಡುಗಳಿಗೆ ಸಾವಿರದಿನ್ನೂರರ ಹತ್ತಿರ ಹೋಯಿತು. ಮಕ್ಕಳು ಕಾರ್ಡಿನ ಮೂಲೆಯ ಚಿತ್ರ ನೋಡಿ ಉತ್ತರ ಹೇಳಲು ಕಲಿತರು. ಪಂಚಮ ಚಕ್ರದ (ಸರ್ಕಲ್ ಆಫ್ ಫಿಫ್ತ್ಸ್) ದೊಡ್ಡ ಚಾರ್ಟ್ ಲ್ಯಾಮಿನೇಷನ್ ಸೇರಿ ಇನ್ನೂರು ಚಿಲ್ಲರೆ. ಗೋಡೆಗೆ ಅಂದ, ಪರೀಕ್ಷೆಯ ದಿನ ಗೋಡೆ ಜೊತೆಗೆ ಬರುವುದಿಲ್ಲ. ಎಲ್ಲಕ್ಕಿಂತ ದುಬಾರಿ ಟ್ರಾನ್ಸ್‌ಪೋಸ್ ಬಟನ್. ಆರ್ಕೆಸ್ಟ್ರಾದಲ್ಲಿ ಎಲ್ಲ ಹಾಡನ್ನೂ ಸಿ ಬೆರಳಿನಲ್ಲೇ ನುಡಿಸಿ ಬಟನ್ ಒತ್ತಿ ಏರಿಸುವವರು ಸ್ಟೇಜ್ ಮೇಲೆ ಬದುಕಿಬಿಡುತ್ತಾರೆ. ಅವರ ಮುಂದೆ ಹಾಳೆ ಇಡಿ, ಇಲ್ಲವೇ ಬಟನ್ ಇಲ್ಲದ ಪಿಯಾನೊ ಮುಂದೆ ಕೂರಿಸಿ, ವರ್ಷಗಟ್ಟಲೆಯ ಅನುಭವ ಅಲ್ಲೇ ನಿಂತುಬಿಡುತ್ತದೆ.

ಈಗ ನನ್ನ ದಾರಿ. ಸಿ-ಯಲ್ಲಿ ಸ ಇಟ್ಟು ಶಂಕರಾಭರಣ ನುಡಿಸಿ. ಎಲ್ಲವೂ ಬಿಳಿ ಮನೆ (ಕೀಬೋರ್ಡಿನ ಕೀ). ಈಗ ಶುದ್ಧ ಮಧ್ಯಮ ಬಿಟ್ಟು ಪ್ರತಿ ಮಧ್ಯಮ ಹಿಡಿಯಿರಿ, ಎಫ್ ಹೋಗಿ ಎಫ್ ಶಾರ್ಪ್. ಕಲ್ಯಾಣಿ ಆಯಿತು. ಅದೇ ಏಳು ಮನೆಗಳಲ್ಲಿ ಪಂಚಮವನ್ನೇ ಸ ಮಾಡಿಕೊಂಡು ಜಿ-ಯಿಂದ ಜಿ-ಗೆ ಹೋಗಿ. ಮತ್ತೆ ಶಂಕರಾಭರಣ! ಕಲ್ಯಾಣಿಯಲ್ಲಿ ಪ್ರತಿ ಮಧ್ಯಮವಾಗಿದ್ದದ್ದು ಈಗ ಕಾಕಲಿ ನಿಷಾದ. ಇದೇ ಜಿ ಮೇಜರ್, ಒಂದು ಶಾರ್ಪ್. ಈಗ ಜಿ-ಯ ಮಧ್ಯಮ ಸಿ. ಅದನ್ನೂ ಪ್ರತಿ ಮಧ್ಯಮ ಮಾಡಿ, ಪಂಚಮಕ್ಕೆ ಜಿಗಿಯಿರಿ. ಡಿ ಮೇಜರ್, ಎರಡು ಶಾರ್ಪ್. ಹೀಗೇ ಏಳರವರೆಗೆ.

ಫ್ಲಾಟ್ ಕಡೆಗೆ ಹೋಗಲು ಹರಿಕಾಂಬೋಜಿ. ಸಿ ಶಂಕರಾಭರಣದ ಕಾಕಲಿ ನಿಷಾದವನ್ನು ಕೈಶಿಕಿ ಮಾಡಿ, ಬಿ ಹೋಗಿ ಬಿ ಫ್ಲಾಟ್. ಮಧ್ಯಮವನ್ನು, ಅಂದರೆ ಎಫ್ ಅನ್ನು, ಸ ಮಾಡಿಕೊಳ್ಳಿ. ಮತ್ತೆ ಶಂಕರಾಭರಣ, ಎಫ್ ಮೇಜರ್. ಹೊಸ ಫ್ಲಾಟ್ ಈಗ ಶುದ್ಧ ಮಧ್ಯಮದ ಜಾಗದಲ್ಲಿ ಕೂತಿದೆ. ಗ್ರಹಭೇದ (ಅದೇ ಮನೆಗಳಲ್ಲಿ ಸ ಬದಲಿಸಿ ಬೇರೆ ರಾಗ ತರುವುದು) ಕೇಳಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಅದನ್ನು ಐದು ಗೆರೆಯ ಮೇಲೆ ತಂದದ್ದು ಮಾತ್ರ ನನ್ನ ಕೆಲಸ.

ಇಲ್ಲಿಂದ ಓದುವ ಸೂತ್ರ ತಾನಾಗಿ ಬರುತ್ತದೆ. ಕೊನೆಯ ಶಾರ್ಪ್ ಯಾವಾಗಲೂ ನಿ, ಅದರ ಮುಂದಿನ ಮನೆ ಸ. ನಾಲ್ಕು ಶಾರ್ಪ್ ಇದ್ದರೆ ಕೊನೆಯದು ಡಿ ಶಾರ್ಪ್. ಅದು ನಿ ಆದರೆ ಸ ಇ. ಕೊನೆಯ ಫ್ಲಾಟ್ ಯಾವಾಗಲೂ ಮ. ನಾಲ್ಕು ಫ್ಲಾಟ್ ಇದ್ದರೆ ಕೊನೆಯದು ಡಿ ಫ್ಲಾಟ್. ಮ-ದಿಂದ ಇಳಿದರೆ ಸ ಎ ಫ್ಲಾಟ್, ಅದು ಕೊನೆಯದರ ಹಿಂದಿನ ಫ್ಲಾಟೇ ಆಗಿರುತ್ತದೆ. ಬರೆಯುವಾಗ ತಿರುಗುಮುರುಗು: ಎ ಮೇಜರ್ ಬೇಕೇ? ಎ-ಯ ನಿ ಜಿ ಶಾರ್ಪ್. ಎಫ್, ಸಿ, ಜಿ ಅಂತ ಹೇಳಿ ಜಿ ಬಂದಕೂಡಲೇ ನಿಲ್ಲಿಸಿ. ಮೂರು. ಕ್ರಮ ಮರೆತರೆ ಎಫ್ ಹಿಡಿದು ಸ-ಪ, ಸ-ಪ ಅಂತ ಹತ್ತುತ್ತಾ ಹೋಗಿ, ಶಾರ್ಪ್ ಸಾಲು ಸಿಗುತ್ತದೆ. ಅದನ್ನೇ ಹಿಂದಿನಿಂದ ಓದಿದರೆ ಫ್ಲಾಟ್ ಸಾಲು.

ಕಣ್ಣಿಗೆ ಕಾಣಲಿ ಅಂತ ಒಂದು ಕಾಗದದ ಪಟ್ಟಿ ಮಾಡಿದ್ದೇನೆ, ಖರ್ಚು ಹತ್ತು ರೂಪಾಯಿಯ ಡ್ರಾಯಿಂಗ್ ಶೀಟ್. ದೊಡ್ಡ ಕೀಬೋರ್ಡಿನಲ್ಲಿ ಒಂದು ಸ್ಥಾಯಿ ಸುಮಾರು 165 ಮಿಲಿಮೀಟರ್. ಮನೆಗಳ ಹಿಂತುದಿಯಲ್ಲಿ, ಕಪ್ಪು ಬಿಳಿ ಎರಡೂ ಒಳಗೆ ಹೋಗುವ ಜಾಗದಲ್ಲಿ, ಹನ್ನೆರಡೂ ಮನೆಗಳ ಅಗಲ ಹೆಚ್ಚುಕಡಿಮೆ ಸಮ. ಹಾಗಾಗಿ ಒಂದು ಅರ್ಧಸ್ವರಕ್ಕೆ 13.75 ಮಿಲಿಮೀಟರ್ ಬೀಳುತ್ತದೆ. ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ ಎಡಕ್ಕೆ ಸ ಗುರುತು ಹಾಕಿ. ಅಲ್ಲಿಂದ 27ಕ್ಕೆ ರಿ, 55ಕ್ಕೆ ಗ, 69ಕ್ಕೆ ಮ, 96ಕ್ಕೆ ಪ, 124ಕ್ಕೆ ದ, 151ಕ್ಕೆ ನಿ, 165ಕ್ಕೆ ಮೇಲಿನ ಸ. ಪಟ್ಟಿಯನ್ನು ಮನೆಗಳ ಹಿಂಭಾಗಕ್ಕೆ ಒರಗಿಸಿ ಸ ಗುರುತನ್ನು ಬೇಕಾದ ಮನೆಯ ನಡುವಿಗೆ ತಂದರೆ ಆ ಸ್ಕೇಲಿನ ಏಳು ಮನೆಗಳು ಬಯಲಾಗುತ್ತವೆ. ಇ-ಗೆ ಸರಿಸಿದರೆ ನಾಲ್ಕು ಗುರುತು ಕಪ್ಪಿನ ಮೇಲೆ ಬೀಳುತ್ತವೆ. ಮಕ್ಕಳ ಚಿಕ್ಕ ಕೀಬೋರ್ಡಿಗೆ ಈ ಅಳತೆ ಹೊಂದುವುದಿಲ್ಲ; ಸ್ಥಾಯಿ ಅಳೆದು ಹನ್ನೆರಡರಿಂದ ಭಾಗಿಸಿಕೊಳ್ಳಿ. ಮಧ್ಯಮದ ಗುರುತಿಗೆ ಕೆಂಪು ಬಳಿದರೆ ಒಳ್ಳೆಯದು, ಆಟವೆಲ್ಲ ಅಲ್ಲೇ ನಡೆಯುವುದು.

ಪಟ್ಟಿ ಎಲ್ಲಿ ಸೋಲುತ್ತದೆ ಅನ್ನುವುದೂ ಗೊತ್ತಿರಲಿ. ಕಪ್ಪು ಮನೆ ಎಣಿಸಿ ಶಾರ್ಪ್ ಲೆಕ್ಕ ಹೇಳುವುದು ನಾಲ್ಕರವರೆಗೆ ಸರಿ. ಬಿ-ಗೆ ಸರಿಸಿದರೆ ಐದು ಕಪ್ಪು, ಎಫ್ ಶಾರ್ಪ್‌ಗೂ ಐದು, ಸಿ ಶಾರ್ಪ್‌ಗೂ ಐದು. ಸಿಗ್ನೇಚರ್ ಮಾತ್ರ ಐದು, ಆರು, ಏಳು. ಯಾಕೆಂದರೆ ಎಫ್ ಶಾರ್ಪ್ ಮೇಜರ್‌ನಲ್ಲಿ ನಿಷಾದ ಬೀಳುವುದು ಬಿಳಿ ಮನೆಯ ಮೇಲೆ. ಅದನ್ನು ಎಫ್ ಅನ್ನುವಂತಿಲ್ಲ, ಇ ಶಾರ್ಪ್ ಅನ್ನಬೇಕು. ಏಳು ಸ್ವರಕ್ಕೆ ಏಳು ಅಕ್ಷರ, ಒಂದೊಂದೂ ಒಂದೇ ಸಲ. ಪಾಶ್ಚಾತ್ಯ ಪಾಠದ ಮಕ್ಕಳು ಇಲ್ಲೇ ಮುಗ್ಗರಿಸುತ್ತಾರೆ. ನಮ್ಮವರಿಗೆ ಇದು ನೀರು ಕುಡಿದಷ್ಟು ಸುಲಭ. ಹನ್ನೆರಡು ಸ್ಥಾನಕ್ಕೆ ಹದಿನಾರು ಹೆಸರು ಇಟ್ಟುಕೊಂಡು ಬೆಳೆದವರು ನಾವು. ಚತುಶ್ರುತಿ ರಿಷಭವೂ ಶುದ್ಧ ಗಾಂಧಾರವೂ ಒಂದೇ ಮನೆ. ಕನಕಾಂಗಿ ರಾಗದಲ್ಲಿ ಅದನ್ನು ಯಾರೂ ರಿ ಅನ್ನುವುದಿಲ್ಲ, ಯಾಕೆಂದರೆ ರಿ ಆಗಲೇ ಬಂದುಹೋಗಿದೆ. ಇ ಶಾರ್ಪ್ ಕೂಡ ಅಷ್ಟೇ. ಎಫ್ ಮೇಜರ್‌ನ ಮಧ್ಯಮವನ್ನು ಎ ಶಾರ್ಪ್ ಅಂತ ಬರೆಯುವ ಹಳೆಯ ಚಾಳಿಯೂ ಈ ಒಂದೇ ನಿಯಮಕ್ಕೆ ನಿಲ್ಲುತ್ತದೆ.

ಇದು ಪುಸ್ತಕದ ಜಗಳವಲ್ಲ, ದುಡ್ಡಿನ ಪ್ರಶ್ನೆ. ತಮ್ಮ ಶ್ರುತಿಗೆ ನಮ್ಮಲ್ಲಿ ಗಾಯಕಿಯರು ‘ಐದೂವರೆ ಮನೆ’ (ಸಿ-ಯಿಂದ ಎಣಿಸಿದ ಐದನೇ ಬಿಳಿಯ ಮುಂದಿನ ಕಪ್ಪು) ಅನ್ನುತ್ತಾರೆ, ಹಿಂದೂಸ್ತಾನಿಯವರು ‘ಕರಿ ನಾಲ್ಕು’ ಅನ್ನುತ್ತಾರೆ, ಆರ್ಕೆಸ್ಟ್ರಾದವರು ‘ಜಿ ಶಾರ್ಪ್’ ಅನ್ನುತ್ತಾರೆ. ಮೂರೂ ಒಂದೇ ಜಾಗ. ಹಾಳೆಯ ಮೇಲೆ ಜಿ ಶಾರ್ಪ್ ಮೇಜರ್ ಅಂತ ಬರೆದರೆ ಕೆಟ್ಟಿತು. ಅದಕ್ಕೆ ಎಂಟು ಶಾರ್ಪ್ ಬೇಕು, ಎಫ್‌ಗೆ ಎರಡು ಸಲ. ಬೇರೊಬ್ಬರು ಬರೆದು ತಂದ ಅಂಥ ಹಾಳೆಗಳನ್ನು ಸ್ಟುಡಿಯೊದಲ್ಲಿ ನೋಡಿದ್ದೇನೆ. ಸಿಗ್ನೇಚರ್ ಖಾಲಿ, ಸ್ವರಕ್ಕೊಂದು ಶಾರ್ಪ್, ನಿಷಾದವನ್ನು ಬರೀ ಜಿ ಅಂತ ಬರೆದಿರುತ್ತಾರೆ. ಒಂದೇ ಗೆರೆಯ ಮೇಲೆ ಸ-ವೂ ನಿ-ಯೂ! ಒಂದು ಸಲ ಹಾಕಿದ ಶಾರ್ಪ್ ಆ ಬಾರ್ (ಎರಡು ನಿಲುಗೆರೆಗಳ ನಡುವಿನ ಭಾಗ) ಮುಗಿಯುವವರೆಗೆ ಉಳಿಯುತ್ತದೆ. ನ್ಯಾಚುರಲ್ (ಶಾರ್ಪ್-ಫ್ಲಾಟ್ ರದ್ದು ಮಾಡುವ ಗುರುತು) ಹಾಕದೆ ಬಿಟ್ಟ ನಿ-ಯನ್ನೂ ಪಿಟೀಲಿನವರು ಸ ಅಂತಲೇ ನುಡಿಸುತ್ತಾರೆ, ತಪ್ಪು ಅವರದಲ್ಲ. ಗಂಟೆಗೆ ಸಾವಿರದ ಆಸುಪಾಸು ಸ್ಟುಡಿಯೊ ಬಾಡಿಗೆ, ನಾಲ್ವರು ವಾದಕರ ಸಂಭಾವನೆ ಬೇರೆ. ಹಾಳೆ ತಿದ್ದುವುದರಲ್ಲೇ ಒಂದು ಗಂಟೆ ಕರಗುತ್ತದೆ. ಅದನ್ನೇ ಎ ಫ್ಲಾಟ್ ಅಂತ ಬರೆದರೆ ನಾಲ್ಕು ಫ್ಲಾಟಿಗೆ ಮುಗಿಯಿತು. ಗಾಯಕಿ ಒಪ್ಪಿದರೆ ಐದು ಮನೆಗೇ ಇಳಿಸಿ. ಜಿ-ಡಿ-ಎ-ಇ ಶ್ರುತಿ ಮಾಡಿದ ಪಿಟೀಲಿಗೆ ಎ ಫ್ಲಾಟ್‌ನಲ್ಲಿ ಸಿಗುವ ಖಾಲಿ ತಂತಿ ಒಂದೇ, ಜಿ-ಯಲ್ಲಿ ನಾಲ್ಕೂ ಸಿಗುತ್ತವೆ.

ಕಪ್ಪು ಮನೆಗೆ ಯಾವ ಹೆಸರು ಅನ್ನುವುದಕ್ಕೆ ನನ್ನ ಲೆಕ್ಕ ಇದು. ಮೇಜರ್ ಆದರೆ ಡಿ ಫ್ಲಾಟ್, ಇ ಫ್ಲಾಟ್, ಎ ಫ್ಲಾಟ್, ಬಿ ಫ್ಲಾಟ್. ಮೈನರ್ ಆದರೆ ಸಿ ಶಾರ್ಪ್, ಎಫ್ ಶಾರ್ಪ್, ಜಿ ಶಾರ್ಪ್. ಬಿ ಫ್ಲಾಟ್ ಮಾತ್ರ ಮೈನರ್‌ನಲ್ಲೂ ಫ್ಲಾಟೇ. ಮೇಜರ್‌ನ ನಾಲ್ಕೂವರೆ ಮನೆ, ಮೈನರ್‌ನ ಎರಡೂವರೆ ಮನೆ, ಇವಕ್ಕೆ ಎರಡು ಕಡೆಯಿಂದಲೂ ಆರು. ನುಡಿಸುವವರನ್ನು ಕೇಳಿ ಬರೆಯಿರಿ. ಇನ್ನೊಂದು ಒಳದಾರಿ ಇದೆ: ಡಿ ಮತ್ತು ಡಿ ಫ್ಲಾಟ್, ಇ ಮತ್ತು ಇ ಫ್ಲಾಟ್, ಹೀಗೆ ಒಂದೇ ಅಕ್ಷರದ ಎರಡು ಮೇಜರ್‌ಗಳ ಲೆಕ್ಕವನ್ನು ಕೂಡಿ ನೋಡಿ. ಅದರಿಂದ ಮುಂದಕ್ಕೆ ನಾನು ಮಾಡಿಸುವ ಅಭ್ಯಾಸವನ್ನು ಇಲ್ಲಿ ಬಿಡಿಸುವುದಿಲ್ಲ, ಅದು ಫೀಸು ಕೊಟ್ಟವರ ಪಾಲು.

ಮೈನರ್ ಅಂದರೆ ನಠಭೈರವಿ. ಶಂಕರಾಭರಣದ ದ ಹಿಡಿದು ಸ ಮಾಡಿದರೆ ಅದೇ ಬರುತ್ತದೆ. ಹಾಗಾಗಿ ಸಿ ಮೇಜರ್‌ಗೂ ಎ ಮೈನರ್‌ಗೂ ಸಿಗ್ನೇಚರ್ ಒಂದೇ. ಎರಡರಲ್ಲಿ ಯಾವುದು ಅಂತ ತಿಳಿಯಲು ಸಿಗ್ನೇಚರ್ ದಿಟ್ಟಿಸಿ ಪ್ರಯೋಜನವಿಲ್ಲ. ಹಾಳೆಯೊಳಗೆ ಒಂದೇ ಶಾರ್ಪ್ ಮತ್ತೆ ಮತ್ತೆ ತಲೆ ಎತ್ತುತ್ತಿದೆಯೇ ನೋಡಿ. ಸಿಗ್ನೇಚರ್ ಖಾಲಿ, ಒಳಗೆಲ್ಲ ಜಿ ಶಾರ್ಪ್ ಅಂದರೆ ಎ ಕೀರವಾಣಿ. ಜಿ ಶಾರ್ಪ್ ಜೊತೆ ಎಫ್ ಶಾರ್ಪ್ ಕೂಡ ಇದ್ದರೆ ಗೌರಿಮನೋಹರಿ. ಇಳಿಯುವಾಗ ಎರಡೂ ಕಾಣೆಯಾದರೆ ಅದೇ ಮೆಲೋಡಿಕ್ ಮೈನರ್. ಕೊನೆಯ ಬಾರಿನ ಬೇಸ್ ಸ್ವರವನ್ನೂ ನೋಡಿಕೊಳ್ಳಿ.

ಅಭ್ಯಾಸಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೋಟು ಸ್ವರಗಳಿಗಿಂತ ಒಳ್ಳೆಯದು ಸಿಗಲಿಲ್ಲ. ಎಲ್ಲವೂ ಶಂಕರಾಭರಣ, ಪಾಶ್ಚಾತ್ಯ ಮಟ್ಟು, ಗಮಕದ ಗೊಡವೆ ಇಲ್ಲ. ಒಂದನ್ನೇ ತೆಗೆದುಕೊಂಡು ವಾರಕ್ಕೊಂದು ಸ್ಕೇಲಿನಲ್ಲಿ ಬರೆಸಿದರೆ ಮೂರು ತಿಂಗಳಲ್ಲಿ ಹನ್ನೆರಡೂ ಮುಗಿಯುತ್ತವೆ. ಸ್ಟಾಫ್ ಪುಸ್ತಕ ಎರಡು ಸಾಕು.

ಸರಳೆಯಿಂದಲೇ ಶುರು ಮಾಡೋಣ ಅಂತ ಮಾಯಾಮಾಳವಗೌಳವನ್ನೂ ಹಾಳೆಗೆ ಇಳಿಸಿ ನೋಡಿದೆ. ಸಿ-ಯಲ್ಲಿ ಅದಕ್ಕೆ ಬೇಕಾದದ್ದು ಡಿ ಫ್ಲಾಟ್ ಮತ್ತು ಎ ಫ್ಲಾಟ್. ಬಿ, ಇ ಮುಟ್ಟದೆ ಎ, ಡಿ ಮಾತ್ರ ಇರುವ ಸಿಗ್ನೇಚರ್ ಸಾಮಾನ್ಯ ಪಾಠಪುಸ್ತಕಗಳಲ್ಲಿ ಇಲ್ಲ. ನಾವೇ ಹಾಗೆ ಬರೆದುಕೊಂಡರೆ ಎರಡು ಫ್ಲಾಟ್ ಕಂಡ ಅಭ್ಯಾಸಬಲದ ಕಣ್ಣು ಬಿ ಫ್ಲಾಟ್ ಮೇಜರ್ ಅಂದುಕೊಳ್ಳುತ್ತದೆ. ಕೊನೆಗೆ ಕೂಡಿಬಂದದ್ದು ಎಫ್ ಮೈನರ್‌ನ ನಾಲ್ಕು ಫ್ಲಾಟ್ ಹಾಕಿ, ಬಿ ಮತ್ತು ಇ ಬಂದಲ್ಲೆಲ್ಲ ನ್ಯಾಚುರಲ್ ಕೊಡುವುದು. ಅದಕ್ಕೂ ಗ್ರಹಭೇದವೇ ಆಧಾರ: ಅದರ ಮಧ್ಯಮ ಹಿಡಿದರೆ ಸಿಂಹೇಂದ್ರಮಧ್ಯಮ, ಸ ಎಫ್. ಆದರೂ ಹೊಸಬರಿಗೆ ಇದು ಬೇಡ. ಮೋಹನದ್ದು ಇನ್ನೊಂದು ತಮಾಷೆ. ಸಿ ಮೋಹನದಲ್ಲಿ ಮ-ವೂ ಇಲ್ಲ ನಿ-ಯೂ ಇಲ್ಲ. ಹಾಗಾಗಿ ಖಾಲಿ, ಒಂದು ಶಾರ್ಪ್, ಒಂದು ಫ್ಲಾಟ್, ಮೂರರಲ್ಲಿ ಯಾವುದನ್ನು ಹಾಕಿದರೂ ಸ್ವರ ಬದಲಾಗುವುದಿಲ್ಲ. ಜೊತೆಗೆ ನುಡಿಸುವ ಕಾರ್ಡ್ (ಒಟ್ಟಿಗೆ ಹಿಡಿಯುವ ಸ್ವರಗುಚ್ಛ) ನೋಡಿ ತೀರ್ಮಾನಿಸುತ್ತೇನೆ.

ಮ್ಯೂಸ್‌ಸ್ಕೋರ್ (ಸ್ವರಲಿಪಿ ಬರೆಯುವ ಸಾಫ್ಟ್‌ವೇರ್) ಬಳಸುವವರಿಗೆ ಎಚ್ಚರಿಕೆ: ಬರೆದಾದ ಮೇಲೆ ಸಿಗ್ನೇಚರ್ ಎಳೆದು ಹಾಕಿದರೆ ಸ್ವರಗಳು ಸ್ಥಾನ ಬಿಡುವುದಿಲ್ಲ, ಬದಲಿಗೆ ಹಾಳೆಯ ತುಂಬ ನ್ಯಾಚುರಲ್ ಬೆಳೆಯುತ್ತದೆ. ಶ್ರುತಿ ಬದಲಿಸಬೇಕಾದರೆ ಟ್ರಾನ್ಸ್‌ಪೋಸ್ ಆಯ್ಕೆಯಿಂದಲೇ ಮಾಡಬೇಕು. ಮಿಡಿ ಫೈಲ್ ತಂದರೆ ಬಿ ಫ್ಲಾಟುಗಳು ಎ ಶಾರ್ಪ್ ಆಗಿ ಬಂದಿರುವುದು ಮಾಮೂಲು, ಮೊದಲು ಸಿಗ್ನೇಚರ್ ಕೊಟ್ಟು ಆಮೇಲೆ ಒಂದೊಂದಾಗಿ ತಿದ್ದಿ.

ಕದ್ರಿ ಗೋಪಾಲನಾಥರಿಂದಾಗಿ ಸ್ಯಾಕ್ಸೊಫೋನ್ ನಮ್ಮಲ್ಲಿ ಮನೆಮಾತು, ಕರಾವಳಿಯ ಮದುವೆಗಳಲ್ಲಂತೂ ಕೇಳಬೇಡಿ. ಆಲ್ಟೊ ಸ್ಯಾಕ್ಸ್‌ನವರಿಗೆ ಹಾಳೆ ಬರೆಯುವಾಗ ಕೀಬೋರ್ಡಿನ ಸಿಗ್ನೇಚರ್‌ಗೆ ಮೂರು ಶಾರ್ಪ್ ಸೇರಿಸಿ; ಬಿ ಫ್ಲಾಟ್ ಕ್ಲಾರಿನೆಟ್, ಟ್ರಂಪೆಟ್‌ಗೆ ಎರಡು. ಒಂದು ಶಾರ್ಪ್ ಒಂದು ಫ್ಲಾಟನ್ನು ತಿನ್ನುತ್ತದೆ. ಕೀಬೋರ್ಡ್ ಎ ಫ್ಲಾಟ್‌ನಲ್ಲಿದ್ದರೆ ನಾಲ್ಕು ಫ್ಲಾಟಿನಿಂದ ಮೂರು ಹೋಗಿ ಒಂದು ಉಳಿಯಿತು, ಸ್ಯಾಕ್ಸ್‌ಗೆ ಎಫ್ ಮೇಜರ್. ಕ್ಲಾರಿನೆಟ್‌ಗೆ ಎರಡು ಉಳಿದು ಬಿ ಫ್ಲಾಟ್. ಕೀಬೋರ್ಡ್ ಇ-ಯಲ್ಲಿದ್ದರೆ ನಾಲ್ಕಕ್ಕೆ ಮೂರು ಸೇರಿ ಏಳು ಶಾರ್ಪ್, ಸಿ ಶಾರ್ಪ್ ಮೇಜರ್. ಅದನ್ನು ಹಾಗೇ ಕೊಟ್ಟರೆ ಬೈಸಿಕೊಳ್ಳುತ್ತೀರಿ. ಐದು ಫ್ಲಾಟಿನ ಡಿ ಫ್ಲಾಟ್ ಮಾಡಿ ಕೊಡಿ.