ಮನೆಗೆ ಎರಡು ಭೂಮಿ ಬೇಡ: ಹ್ಯಾಮ್ ರೇಡಿಯೊ ನಿಲ್ದಾಣದ ಅರ್ಥಿಂಗ್, ಕಂಬ, ಗದ್ದಲ

ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್. ಅಷ್ಟರಲ್ಲೇ ಮಣ್ಣು ಬದಲಾಗುತ್ತದೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ, ಕಲ್ಲು ಬೆರೆತ ಗರಸು. ಹುಬ್ಬಳ್ಳಿ ದಾಟಿ ನವಲಗುಂದ, ಗದಗಿನ ಕಡೆ ಹೊರಟರೆ ಕಪ್ಪು ಎರೆ. ಬಿತ್ತುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಾಳಿಗೆಯ ಮೇಲೆ ಆಂಟೆನಾ ಏರಿಸಿ ಹವ್ಯಾಸಿ ರೇಡಿಯೊ, ಅಂದರೆ ಮನೆಯಿಂದಲೇ ದೂರದವರೊಡನೆ ಮಾತನಾಡುವ ಹ್ಯಾಮ್ ರೇಡಿಯೊ, ನಡೆಸಲು ಹೊರಟವರೂ ಮೊದಲು ನೋಡಬೇಕಾದದ್ದು ಇದನ್ನೇ. ನಾನು ನೋಡಿರಲಿಲ್ಲ.

ಮೊದಲ ಮಹಡಿಯ ಕೋಣೆಯಲ್ಲಿ ರೇಡಿಯೊ ಸೆಟ್ ಇಟ್ಟು, ಕಿಟಕಿಯ ಕೆಳಗೆ ಒಂದು ಸರಳು ಬಡಿದು, ಅದಕ್ಕೆ ತಂತಿ ಕಟ್ಟಿ, ‘ರೇಡಿಯೊಗೆ ಪ್ರತ್ಯೇಕ ಅರ್ಥಿಂಗ್ ಆಯಿತು’ ಎಂದು ಬೀಗಿದ್ದೆ. ಮನೆಯ ಅರ್ಥಿಂಗ್ ಗುಂಡಿ ಇದ್ದದ್ದು ಹಿತ್ತಲಲ್ಲಿ. ಮರು ವರ್ಷದ ಭರಣಿ ಮಳೆಯಲ್ಲಿ ಒಂದು ಸಂಜೆ ಸಿಡಿಲು ಬಿತ್ತು. ನನ್ನ ಆಂಟೆನಾದ ಮೇಲಲ್ಲ, ಪಕ್ಕದ ಓಣಿಯ ತೆಂಗಿನ ಮರಕ್ಕೆ. ಸುಟ್ಟದ್ದು ಮಾತ್ರ ನನ್ನ ಪವರ್ ಸಪ್ಲೈ, ಜೊತೆಗೆ ಮನೆಯ ಇಂಟರ್‌ನೆಟ್ ಪೆಟ್ಟಿಗೆ.

ಕಾರಣ ಆಮೇಲೆ ತಿಳಿಯಿತು. ಸಿಡಿಲಿನ ವಿದ್ಯುತ್ತು ನೆಲಕ್ಕೆ ಇಳಿದು ಹರಡುವಾಗ ಅಂಗಳದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಸಾವಿರಾರು ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಒಂದು ಮೂಲೆಯ ಸರಳು ಸೆಟ್ಟಿನ ಬೆನ್ನಿಗೆ, ಇನ್ನೊಂದು ಮೂಲೆಯ ಗುಂಡಿ ಅದೇ ಸೆಟ್ಟಿನ ಮೂರು ಪಿನ್ನಿನ ಪ್ಲಗ್ಗಿಗೆ. ಎರಡು ಭೂಮಿಗಳ ನಡುವೆ ಸೇತುವೆಯಾಗಿದ್ದದ್ದು ನನ್ನ ಸೆಟ್ಟೇ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸರಳು ಎಷ್ಟೇ ಇರಲಿ, ಅವೆಲ್ಲವನ್ನೂ ಮನೆಯ ವಿದ್ಯುತ್ ಅರ್ಥಿಂಗ್‌ಗೆ ದಪ್ಪ ತಂತಿಯಿಂದ ಬೆಸೆದಿರಬೇಕು.

ಪರವಾನಗಿಯ ವಿಚಾರ ಇಲ್ಲಿ ಬೆಳೆಸುವುದಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ನಿಸ್ತಂತು ಯೋಜನೆ ಮತ್ತು ಸಮನ್ವಯ) ವಿಭಾಗದ ಪರೀಕ್ಷೆ ಮುಗಿಸಿ ವಿಯು2 ಅಥವಾ ವಿಯು3ರಿಂದ ಶುರುವಾಗುವ ಕರೆಸಂಕೇತ ಕೈಯಲ್ಲಿದೆ ಎಂದೇ ತಿಳಿದು ಮುಂದುವರಿಯುತ್ತೇನೆ.

ಮೊದಲು ಗುಂಡಿ

ಸಾಮಾನ್ಯವಾಗಿ ಹೂಳುವುದು 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪು. ನೆಲಕ್ಕೆ ಇಳಿಯುವ ದಾರಿಯ ರೋಧವನ್ನು ಓಮ್‌ನಲ್ಲಿ ಅಳೆಯುತ್ತಾರೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ತೇವವಿರುವ ಎರೆಯಲ್ಲಿ ಇಂಥ ಒಂದೇ ಪೈಪು ಮೂರು-ನಾಲ್ಕು ಓಮ್ ಕೊಡಬಲ್ಲದು. ಅದೇ ಪೈಪು ಒಣ ಗರಸಿನಲ್ಲಿ ನೂರು ಓಮ್ ತೋರಿಸಿದರೂ ಆಶ್ಚರ್ಯವಿಲ್ಲ. ಹಾಗೆಂದು ಎರೆಯವರು ನಿಶ್ಚಿಂತರಾಗುವಂತಿಲ್ಲ. ಬೇಸಿಗೆಯಲ್ಲಿ ಎರೆ ಅಂಗೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮೇಲಿನ ಭಾಗದಲ್ಲಿ ಮಣ್ಣು ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ. ಸಿಡಿಲಿನ ಅಶ್ವಿನಿ, ಭರಣಿ ಮಳೆಗಳು ಬರುವುದು ಸರಿಯಾಗಿ ಆ ಹೊತ್ತಿಗೇ. ಆದ್ದರಿಂದ ಪೈಪು ಬಿರುಕಿನ ಆಳವನ್ನು ದಾಟಿ ಸದಾ ತಂಪಿರುವ ಮಣ್ಣಿಗೆ ಇಳಿಯಬೇಕು. ಸುತ್ತ ಬೆಂಟೊನೈಟ್ ಜೇಡಿ ತುಂಬಿದರೆ ಅದು ನೀರು ಹಿಡಿದುಕೊಂಡು ಪೈಪನ್ನು ಅಪ್ಪಿಕೊಂಡಿರುತ್ತದೆ. ಉಪ್ಪು-ಇದ್ದಿಲಿನ ಹಳೆಯ ಪದ್ಧತಿಯೂ ಕೆಲಸ ಮಾಡುತ್ತದೆ, ಆದರೆ ಉಪ್ಪು ಪೈಪನ್ನು ತಿನ್ನುತ್ತದೆ, ಮಳೆಗೆ ಕರಗಿಯೂ ಹೋಗುತ್ತದೆ. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡುತ್ತಿದ್ದ ಹಿರಿಯರ ಲೆಕ್ಕ ಮಾತ್ರ ಇಂದಿಗೂ ಸರಿ. ನಲ್ಲಿಯ ಪೈಪಿಗೆ ತಂತಿ ಕಟ್ಟುವ ಹಳೆಯ ಸಲಹೆಯನ್ನು ಮರೆತುಬಿಡಿ. ಈಗಿನ ಮನೆಗಳಲ್ಲಿ ಅದು ಪ್ಲಾಸ್ಟಿಕ್.

ಗರಸಿನ ನೆಲದಲ್ಲಿ ಒಂದು ಸಾಲದು. ಮೂರು ಪೈಪು ಹೂಳಿ, ನಡುವೆ ಒಂದು ಪೈಪಿನ ಉದ್ದದಷ್ಟಾದರೂ ಅಂತರ ಬಿಡಿ, ಎರಡರಷ್ಟಾದರೆ ಇನ್ನೂ ಒಳ್ಳೆಯದು. ಹತ್ತಿರ ಹತ್ತಿರ ಹೂಳಿದರೆ ಮೂರೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ.

ಇನ್ನು ಪರೀಕ್ಷೆ. ಫೇಸಿಗೂ ಅರ್ಥಿಂಗ್‌ಗೂ ನಡುವೆ ನೂರು ವ್ಯಾಟಿನ ಬಲ್ಬು ಹಿಡಿದು, ‘ನೋಡಿರಿ, ಪೂರ್ತಿ ಉರಿಯುತ್ತದೆ’ ಎಂದು ತೋರಿಸುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಈ ಪರೀಕ್ಷೆ ಅಪಾಯಕಾರಿ ಮಾತ್ರವಲ್ಲ, ನಿರುಪಯೋಗಿ ಕೂಡ. ಉರಿಯುತ್ತಿರುವ ಆ ಬಲ್ಬಿನ ರೋಧವೇ 529 ಓಮ್. ನಿಮ್ಮ ಅರ್ಥಿಂಗ್ 50 ಓಮ್‌ನಷ್ಟು ಕೆಟ್ಟಿದ್ದರೂ ಬಲ್ಬು ಎಂಬತ್ತು ವ್ಯಾಟಿಗಿಂತ ಹೆಚ್ಚೇ ಉರಿದು ನಿಮ್ಮನ್ನು ನಂಬಿಸುತ್ತದೆ. ಆದರೆ ಸೆಟ್ಟಿನ ಲೋಹದ ಕವಚಕ್ಕೆ ಫೇಸ್ ತಗುಲಿದ ದಿನ ಆ 50 ಓಮ್ ಮೂಲಕ ಹರಿಯುವುದು 4.6 ಆಂಪಿಯರ್, ವಿದ್ಯುತ್ತು ಹೆಚ್ಚಾದರೆ ತಾನೇ ಇಳಿಯಬೇಕಾದ 16 ಆಂಪಿಯರಿನ ಎಂಸಿಬಿ ಸ್ವಿಚ್ಚು ಕದಲುವುದಿಲ್ಲ, ಕವಚ ಜೀವಂತವಾಗಿಯೇ ಉಳಿಯುತ್ತದೆ. ಅರ್ಥ್ ಟೆಸ್ಟರ್ ಇಟ್ಟುಕೊಂಡವರನ್ನು ಕರೆಸಿ ಓಮ್ ಎಷ್ಟೆಂದು ಬರೆಸಿಕೊಳ್ಳಿ. ಮೀಟರ್ ಬೋರ್ಡಿನಲ್ಲಿ ವಿದ್ಯುತ್ತು ನೆಲಕ್ಕೆ ಸೋರಿದೊಡನೆ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದಿದ್ದರೆ ಸೆಟ್ ಕೊಳ್ಳುವ ಮೊದಲು ಅದನ್ನು ಹಾಕಿಸಿ.

ಗುಂಡಿಯಿಂದ ಕೋಣೆಗೆ

ಕೇಬಲ್ ಮನೆಯೊಳಗೆ ಬರುವ ಕಿಟಕಿಯ ಹೊರಗೆ ಒಂದು ತಾಮ್ರದ ಅಥವಾ ಅಲ್ಯೂಮಿನಿಯಂ ತಗಡು ಕೂರಿಸಿ. ಆಂಟೆನಾದ ಕೋಆಕ್ಸ್ ಕೇಬಲ್ (ಟಿವಿ ಕೇಬಲ್ಲಿನಂತೆ ನಡುತಂತಿಯ ಸುತ್ತ ಲೋಹದ ಹೆಣಿಗೆ ಇರುವಂಥದು), ಆಂಟೆನಾ ತಿರುಗಿಸುವ ಮೋಟಾರಿನ ತಂತಿ, ಎಲ್ಲವೂ ಈ ಒಂದೇ ಬಾಗಿಲಿನಿಂದ ಒಳಗೆ ಬರಲಿ. ಸಿಡಿಲು ನಿರೋಧಕವನ್ನೂ ಇಲ್ಲೇ ಬಿಗಿಯಿರಿ. ತಗಡಿನಿಂದ ಗುಂಡಿಗೆ ದುಂಡು ತಂತಿ ಬೇಡ; 25 ಮಿ.ಮೀ. ಅಗಲದ ಪಟ್ಟಿ ಇಳಿಸಿ, ನೇರವಾಗಿ, ಆದಷ್ಟು ಗಿಡ್ಡವಾಗಿ. ಮಿಕ್ಕ ತಂತಿಯನ್ನು ಸುತ್ತಿ ಮೊಳೆಗೆ ನೇತು ಹಾಕುವ ನಮ್ಮ ಅಭ್ಯಾಸ ಇಲ್ಲಿ ಮಾರಕ. ಒಂದು ಮೀಟರ್ ನೇರ ತಂತಿಯ ಪ್ರೇರಕತ್ವ, ಅಂದರೆ ವಿದ್ಯುತ್ತಿನ ದಿಢೀರ್ ಏರಿಕೆಯನ್ನು ತಡೆಯುವ ಗುಣ, ಸುಮಾರು ಒಂದು ಮೈಕ್ರೊಹೆನ್ರಿ. ಸಿಡಿಲಿನ ವಿದ್ಯುತ್ತು ಮೈಕ್ರೊಸೆಕೆಂಡಿಗೆ ಹತ್ತು ಸಾವಿರ ಆಂಪಿಯರಿನಂತೆ ಏರಿತೆಂದರೆ ಆ ಒಂದೇ ಮೀಟರಿನ ಎರಡು ತುದಿಗಳ ನಡುವೆ ಹತ್ತು ಸಾವಿರ ವೋಲ್ಟ್ ನಿಲ್ಲುತ್ತದೆ. ಸುತ್ತಿದರೆ ಎಷ್ಟಾದೀತೆಂದು ನೀವೇ ಲೆಕ್ಕ ಹಾಕಿ. ತಾಮ್ರದ ಪಟ್ಟಿಯನ್ನು ಜಿಐ ಪೈಪಿಗೆ ನೇರವಾಗಿ ಕಟ್ಟಬೇಡಿ. ಎರಡು ಲೋಹಗಳ ಸಂದಿಗೆ ನೀರು ಸೇರಿದರೆ ಜಿಐ ಸವೆಯುತ್ತದೆ. ಪೈಪು ಜಿಐ ಆದರೆ ಪಟ್ಟಿಯೂ ಜಿಐ ಇರಲಿ.

ಮಹಡಿಯ ಮೇಲಿನವರಿಗೆ ಇನ್ನೊಂದು ತೊಂದರೆ ಇದೆ. ಮಾತನಾಡುವಾಗ ಮೈಕ್ ತುಟಿಗೆ ತಗುಲಿದರೆ ಚುರ್ ಎನ್ನುತ್ತದೆ. ನನಗೂ ಎನ್ನುತ್ತಿತ್ತು; ಅರ್ಥಿಂಗ್ ತಂತಿಯನ್ನು ದಪ್ಪ ಮಾಡಿದೆ, ಮತ್ತೂ ದಪ್ಪ ಮಾಡಿದೆ, ಏನೂ ಬದಲಾಗಲಿಲ್ಲ. ದೋಷ ದಪ್ಪದಲ್ಲಿ ಇರಲಿಲ್ಲ, ಉದ್ದದಲ್ಲಿತ್ತು. 7 ಮೆಗಾಹರ್ಟ್ಸ್‌ನ ಅಲೆಯ ಕಾಲು ಭಾಗ ಹತ್ತೂವರೆ ಮೀಟರ್. ನನ್ನ ಮೇಜಿನಿಂದ ಗುಂಡಿಗೆ ಇದ್ದದ್ದು ಹೆಚ್ಚುಕಡಿಮೆ ಅಷ್ಟೇ. ಅಷ್ಟುದ್ದದ ತಂತಿ ಕೆಳಗೆ ನೆಲ ಮುಟ್ಟಿದ್ದರೂ ಆ ಅಲೆಯ ಮಟ್ಟಿಗೆ ಮೇಲೆ ಕಡಿದು ಬಿಟ್ಟಂತೆಯೇ. 230 ವೋಲ್ಟಿನಿಂದ ಜೀವ ಉಳಿಸಲು ಅದು ಸಾಕು, ರೇಡಿಯೊ ಅಲೆಗೆ ಸಾಲದು. ಮದ್ದು ಇರುವುದು ನೆಲದಲ್ಲಲ್ಲ, ಕೇಬಲ್ಲಿನಲ್ಲಿ. 31ನೇ ಮಿಶ್ರಣ ಎಂದು ಕರೆಯುವ ಬಗೆಯ ದೊಡ್ಡ ಫೆರೈಟ್ (ಕಾಂತೀಯ ಪಿಂಗಾಣಿ) ಬಳೆಗೆ ತೆಳುವಾದ ಕೋಆಕ್ಸ್ ಕೇಬಲನ್ನು ಹನ್ನೆರಡು ಸುತ್ತು ಸುತ್ತಿ, ಒಂದನ್ನು ಆಂಟೆನಾದ ಬುಡದಲ್ಲಿ, ಇನ್ನೊಂದನ್ನು ಕಿಟಕಿಯ ತಗಡಿನ ಬಳಿ ಇಟ್ಟೆ. ಕೇಬಲ್ಲಿನ ಹೊರಮೈ ಹಿಡಿದು ಒಳಗೆ ಬರುತ್ತಿದ್ದ ಅಲೆ ಅಲ್ಲೇ ನಿಂತಿತು, ತುಟಿ ಉಳಿಯಿತು.

ಗುಡುಗು ಕೇಳಿದರೆ ಮಾತು ನಿಲ್ಲಿಸಿ. ಮಿಂಚಿಗೂ ಗುಡುಗಿಗೂ ಮೂವತ್ತು ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಹತ್ತು ಕಿ.ಮೀ. ಒಳಗೇ ಇದೆ, ಆಗ ಕೇಬಲ್ ಬಿಚ್ಚಲು ಹೋಗಬೇಡಿ. ಬಿಚ್ಚುವುದು ಮೋಡ ಕಟ್ಟುವ ಮೊದಲಿನ ಕೆಲಸ. ಬಿಚ್ಚಿದ ತುದಿಯನ್ನು ಮೇಜಿನ ಮೇಲಿಡದೆ ಕಿಟಕಿಯ ಹೊರಗೆ ಬಿಡಿ.

ಕಂಬ

ಕಂಬದ ಲೆಕ್ಕ ನಿಲ್ಲಿಸುವುದರಿಂದಲ್ಲ, ಬೀಳುವುದರಿಂದ ಶುರುವಾಗಬೇಕು. ಬಿದ್ದರೆ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಯನ್ನು ಮುಟ್ಟಬಾರದು. ಕಂಬದ ಎತ್ತರ, ಅದರ ಮೇಲಿನ ಆಂಟೆನಾದ ಉದ್ದ ಎರಡನ್ನೂ ಕೂಡಿಸಿ, ಮೇಲೆ ಮೂರು-ನಾಲ್ಕು ಮೀಟರ್ ಸೇರಿಸಿ; ಅಷ್ಟು ದೂರದೊಳಗೆ 11 ಕೆ.ವಿ. ಲೈನ್ ಇದ್ದರೆ ಆ ಜಾಗ ಬಿಟ್ಟುಬಿಡಿ. ಇದರಲ್ಲಿ ಚೌಕಾಸಿ ಇಲ್ಲ. ಎಷ್ಟು ಎತ್ತರಕ್ಕೆ ಯಾವ ಅನುಮತಿ ಬೇಕೆಂಬುದನ್ನು ಪರವಾನಗಿಯ ಜೊತೆಗೇ ವಿಚಾರಿಸಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಆಸುಪಾಸಿನವರು ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ಮಿತಿಯನ್ನೂ ನೋಡಿಕೊಳ್ಳಬೇಕು.

ಹೆಚ್ಚಿನವರಿಗೆ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿಐ ಪೈಪಿನ ಆರರಿಂದ ಒಂಬತ್ತು ಮೀಟರಿನ ಕಂಬ ಸಾಕು. ದೂರದರ್ಶನದ ಕಾಲದಲ್ಲಿ ಮಾಳಿಗೆ ಮಾಳಿಗೆಯ ಮೇಲೂ ನಿಂತಿದ್ದವಲ್ಲ, ಅದರ ಅಣ್ಣ ಎಂದುಕೊಳ್ಳಿ. ಆದರೆ ಇಟ್ಟಿಗೆಯ ಪ್ಯಾರಾಪೆಟ್ ಗೋಡೆಗೆ ಕಟ್ಟಬೇಡಿ. ಕಾಲಂ ಇರುವ ಜಾಗ ಹುಡುಕಿ. 120 ಡಿಗ್ರಿ ಅಂತರದಲ್ಲಿ ಮೂರು ಕಡೆಗೆ ಕಂಬವನ್ನು ಎಳೆದು ಹಿಡಿಯುವ ಸ್ಟೇ ತಂತಿ, ಎರಡು ಹಂತದಲ್ಲಿ. ತಂತಿಯ ಗೂಟ ಕಂಬದ ಎತ್ತರದ ಶೇ 60ರಿಂದ 80ರಷ್ಟು ದೂರವಿರಲಿ. ವಿದ್ಯುತ್ ಕಂಬದ ಸ್ಟೇ ತಂತಿಯಲ್ಲಿ ಮೊಟ್ಟೆಯಾಕಾರದ ಪಿಂಗಾಣಿ ನೋಡಿರುತ್ತೀರಿ. ಅದನ್ನೇ ಇಲ್ಲಿಯೂ ನಡುನಡುವೆ ಹಾಕಿದರೆ ಸ್ಟೇ ತಂತಿಯೇ ಇನ್ನೊಂದು ಆಂಟೆನಾ ಆಗುವುದು ತಪ್ಪುತ್ತದೆ.

ನೆಲದಿಂದಲೇ ಟವರ್ ಎಬ್ಬಿಸುವವರು ಎರೆಯ ಮೇಲೆ ಬುನಾದಿ ಹಾಕಬಾರದು. ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಗ್ಗುವ ಮಣ್ಣದು. ಎರಡು ವರ್ಷದಲ್ಲಿ ಟವರ್ ಓರೆಯಾಗುತ್ತದೆ. ಗರಸು ಸಿಗುವವರೆಗೆ ತೋಡಿ. ಅದು ಎಷ್ಟು ಆಳಕ್ಕೆ ಸಿಗುತ್ತದೆ ಎಂಬುದನ್ನು ಎಂಜಿನಿಯರಿಗಿಂತ ಮೊದಲು ಪಕ್ಕದ ಹೊಲದವರು ಹೇಳುತ್ತಾರೆ.

ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 72 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 24 ಕಿಲೋ ಹೇರಿದರೆ, 144 ಕಿ.ಮೀ. ಗಾಳಿ ಹೇರುವುದು 98 ಕಿಲೋ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಸೀಮೆಯವರು ಆಷಾಢಕ್ಕೆ ಮೊದಲು ಸ್ಟೇ ತಂತಿ ಬಿಗಿಮಾಡುವ ತಿರುಪು, ಟರ್ನ್‌ಬಕಲ್, ಒಮ್ಮೆ ಬಿಗಿಯಲಿ. ಒಬ್ಬರೇ ಕಂಬ ಹತ್ತಬೇಡಿ.

ಗದ್ದಲ

ಬೇರೆ ಉಪಕರಣಗಳಿಂದ ಹುಟ್ಟಿ ಸೆಟ್ಟಿನಲ್ಲಿ ಕೇಳುವ ಸದ್ದೇ ಗದ್ದಲ. ಅದನ್ನು ಹುಡುಕುವುದನ್ನು ನಿಮ್ಮ ಮನೆಯಿಂದಲೇ ಶುರು ಮಾಡಿ. ಸೆಟ್ಟನ್ನು ಬ್ಯಾಟರಿಗೆ ಹಾಕಿ, ಮೇನ್ ಸ್ವಿಚ್ ಇಳಿಸಿ. ಗದ್ದಲ ನಿಂತರೆ ಕಳ್ಳ ಒಳಗೇ ಇದ್ದಾನೆ. ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹಿಡಿಯಿರಿ. ಸಂಜೆ ಆರೂವರೆಗೆ ಬಂದು ರಾತ್ರಿಯಿಡೀ ಗುಂಯ್‌ಗುಡುವ ಒಂದು ಸದ್ದಿನ ಹಿಂದೆ ನಾನು ಮೂರು ವಾರ ಓಣಿಯೆಲ್ಲ ಅಲೆದೆ. ಸಿಕ್ಕದ್ದು ನಮ್ಮ ದೇವರ ಮನೆಯಲ್ಲಿ, ಎಲ್‌ಇಡಿ ನಂದಾದೀಪದ ಅಗ್ಗದ ಅಡಾಪ್ಟರಿನಲ್ಲಿ. ‘ಮೂರು ವಾರ ಮಂದಿಯ ಮನೆ ಕಾದದ್ದಾಯಿತು’ ಎಂದು ಮನೆಯವರು ಎಣ್ಣೆಯ ದೀಪ ಹಚ್ಚಿದರು.

ಹೊರಗಿನ ಗದ್ದಲಕ್ಕೆ ಜೇಬಿನ ಎಎಂ ರೇಡಿಯೊ ಸಾಕು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನಿಂದ ದೂರ ಸರಿಸಿ, ಖಾಲಿ ಜಾಗದಲ್ಲಿ ನಿಲ್ಲಿಸಿ, ನಡೆಯುತ್ತ ಹೋಗಿ. ರೇಡಿಯೊ ತಿರುಗಿಸುತ್ತ ಇರಿ. ಸದ್ದು ತೀರ ಕುಗ್ಗಿದಾಗ ಒಳಗಿನ ಫೆರೈಟ್ ಸರಳಿನ ತುದಿ ಮೂಲದ ಕಡೆ ಮುಖ ಮಾಡಿರುತ್ತದೆ. ಸದ್ದಿಗೂ ಗುರುತುಗಳಿವೆ. ಒಣ ಹವೆಯಲ್ಲಿ ಜೋರಾಗಿ, ಮಳೆ ಬಿದ್ದೊಡನೆ ಅಡಗುವ ಒರಟು ಗರ್ರ್ ಸದ್ದು ವಿದ್ಯುತ್ ಲೈನಿನ ಸಡಿಲ ಜೋಡಣೆಯದು. ಕಂಬದ ಸಂಖ್ಯೆ ಬರೆದುಕೊಂಡು ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ತಿಳಿಸಿ, ಕಂಬ ಬಡಿದು ನೋಡಲು ಹೋಗಬೇಡಿ. ಹೊತ್ತು ಮುಳುಗಿದೊಡನೆ ನಿಲ್ಲುವುದು ಸೋಲಾರ್ ಇನ್ವರ್ಟರಿನದು. ಸೆಕೆಂಡಿಗೊಮ್ಮೆ ಟಕ್ ಎನ್ನುವುದು ಪ್ರಾಣಿಗಳಿಗೆ ಕ್ಷಣಮಾತ್ರದ ವಿದ್ಯುತ್ ಪೆಟ್ಟು ಕೊಡುವ ಹೊಲದ ಝಟಕಾ ಬೇಲಿ; ಹಾವೇರಿ ಕಡೆಯ ಹಳ್ಳಿಗಳಲ್ಲಿ ಇದು ಮಾಮೂಲು. ಬೇಲಿ ಸರಿಯಿದ್ದರೆ ಅಷ್ಟು ಸದ್ದು ಬರುವುದಿಲ್ಲ. ಹುಲ್ಲು ತಗುಲಿರುವ ಕಡೆ, ಇನ್ಸುಲೇಟರ್ ಒಡೆದ ಕಡೆ ಕಿಡಿ ಹಾರುತ್ತದೆ. ಅದನ್ನು ಹುಡುಕಿಕೊಟ್ಟರೆ ಹೊಲದವರಿಗೂ ಲಾಭ, ಹಂದಿಗೆ ತಗುಲಬೇಕಾದ ಪೆಟ್ಟು ಹುಲ್ಲಿಗೆ ಸೋರುವುದು ತಪ್ಪುತ್ತದೆ.

ನೀವೇ ಗದ್ದಲವಾದಾಗ? ಒಂದು ಏಕಾದಶಿಯ ಸಂಜೆ ಎದುರು ಮನೆಯ ಸೊಸೆ ಬಾಗಿಲಿಗೆ ಬಂದು, ‘ಕಾಕಾ, ಭಜನೆಯ ಸ್ಪೀಕರಿನಲ್ಲಿ ನಿಮ್ಮ ಧ್ವನಿ ಬರುತ್ತಿದೆ, ಅತ್ತೆಯವರು ಸಿಟ್ಟಾಗಿದ್ದಾರೆ’ ಎಂದಳು. ‘ನನ್ನ ಸೆಟ್ ಸರಿಯಿದೆ, ದೋಷ ನಿಮ್ಮ ಆಂಪ್ಲಿಫೈಯರಿನದು’ ಎಂಬ ಉತ್ತರ ಬಾಯಿಗೆ ಬಂದಿತ್ತು. ಅದು ನಿಜವೂ ಹೌದು. ಉದ್ದನೆಯ ಸ್ಪೀಕರ್ ತಂತಿ ಆಂಟೆನಾದಂತೆ ನನ್ನ ಅಲೆಯನ್ನು ಹಿಡಿಯುತ್ತಿತ್ತು. ಆದರೆ ನೆರೆಯವರಿಗೆ ಹೇಳುವ ಮಾತಲ್ಲ ಅದು. ಮಗನನ್ನು ಸೆಟ್ಟಿನ ಮುಂದೆ ಕೂರಿಸಿ, ಅವನು ಮಾತಿನ ಬಟನ್ ಒತ್ತಿದಾಗಲೆಲ್ಲ ನಾನು ಅವರ ಮನೆಯಲ್ಲಿ ಕಿವಿಗೊಟ್ಟೆ. ಮೊದಲು ಅವರ ಭಜನೆಯ ಮೈಕಿನ ತಂತಿ ಬಿಚ್ಚಿದೆ, ಧ್ವನಿ ಹಾಗೇ ಇತ್ತು. ಸ್ಪೀಕರಿನ ತಂತಿಯನ್ನು ಆಂಪ್ಲಿಫೈಯರಿನ ಬೆನ್ನಿನ ಬಳಿಯೇ ಫೆರೈಟ್ ಬಳೆಗೆ ಎಂಟು ಸುತ್ತು ಸುತ್ತಿದಾಗ ಮುಕ್ಕಾಲು ಪಾಲು ಅಡಗಿತು. ಉಳಿದದ್ದು ಕರೆಂಟಿನ ತಂತಿಯಿಂದ ಬರುತ್ತಿತ್ತು. ಅದಕ್ಕೂ ಒಂದು ಬಳೆ ಹಾಕಿದೆ. ಬಳೆಗಳ ಖರ್ಚು ನನ್ನದೇ. ಸೊಸೆ ಚಹಾ ಕೊಟ್ಟಳು. ಅತ್ತೆಯವರು ಮಾತ್ರ ಮುಂದಿನ ಏಕಾದಶಿಯವರೆಗೆ ಕಾದು ನೋಡಿ ಹೇಳುತ್ತೇನೆ ಎಂದರು.