ಕೆಸರು, ಕೌದಿ, ಒಂದು ಕೆಂಪು ಸೆರಗು: ನೆರೆ ಫೋಟೊದಲ್ಲಿ ಬಣ್ಣ ಉಳಿಸಿಕೊಂಡ ನನ್ನ ಅನುಭವ

ನೆರೆಯ ಫೋಟೊ ಅಂದರೆ ಬ್ಲಾಕ್ ಅಂಡ್ ವೈಟ್ ಇರಬೇಕು, ಬಣ್ಣ ಬಂದರೆ ಜಾತ್ರೆ ಕಂಡಂತೆ ಕಾಣುತ್ತದೆ ಎಂದು ನನಗೆ ಹೇಳದವರಿಲ್ಲ. ರಾಯಚೂರಿನ ಸ್ಟುಡಿಯೊ ಗೆಳೆಯರು ಹೇಳಿದರು. ಸ್ಪರ್ಧೆಯ ತೀರ್ಪುಗಾರರು ಹೇಳಿದರು. ಲ್ಯಾಬ್‌ನ ಹುಡುಗ ಕೂಡ "ಸರ್, ಗ್ರೇ ಮಾಡಿಬಿಡ್ಲಾ?" ಎಂದು ಕೇಳಿದ. ಆಮೇಲೆ ನನ್ನ ಒಂದು ಬಣ್ಣದ ನೆರೆ ಚಿತ್ರದ ಐದಾರು ದೊಡ್ಡ ಪ್ರಿಂಟ್ ಮಾರಾಟವಾದವು. ಬೇಡ ಎಂದವರಲ್ಲೇ ಒಬ್ಬರು ಒಂದನ್ನು ಕೊಂಡು ಮನೆಗೆ ಒಯ್ದರು. ಇನ್ನು ನಾನು ಸುಮ್ಮನೆ ಇರುವುದು ಹೇಗೆ?

ಚಿತ್ರ ಇಷ್ಟೇ. 2019ರ ಆಗಸ್ಟ್, ಕೃಷ್ಣೆ ಇಳಿದ ಮೇಲೆ ಲಿಂಗಸುಗೂರು ಕಡೆಯ ಒಂದು ಹಳ್ಳಿ. ಗೋಡೆಯ ಮೇಲೆ ಎದೆಮಟ್ಟಕ್ಕೆ ನೀರಿನ ಗೆರೆ. ಓಣಿ ತುಂಬ ಕೆಸರು. ಜಾಲಿ ಗಿಡದ ಮೇಲೆ ಹರವಿದ ಒಂದು ಕೌದಿ (ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆ), ಅದರ ನಡುವೆ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು. ಕೌದಿಯ ಅಂಚನ್ನು ಎಳೆದು ಸರಿ ಮಾಡುತ್ತಿರುವ ಒಂದು ಕೈ, ಮುಂಗೈ ತುಂಬ ಹಸಿರು ಬಳೆ. ಮುಖ ಇಲ್ಲ.

ಇಲ್ಲಿಗೆ ಬರಲು ಹತ್ತು ವರ್ಷ ಹಿಡಿಯಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯನ್ನು ನಮ್ಮ ಕಡೆಯವರಿಗೆ ಮತ್ತೆ ನೆನಪಿಸಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆ ಉಕ್ಕಿ ಮಂತ್ರಾಲಯಕ್ಕೇ ನುಗ್ಗಿತು. ಆಗ ನನ್ನ ಕೈಯಲ್ಲಿ ನಿಕಾನ್ ಡಿ90. ಹತ್ತಿರ ಹತ್ತಿರ 60 ಸಾವಿರ ಕೊಟ್ಟಿದ್ದೆ, ಸಾಲ ಇನ್ನೂ ತೀರಿರಲಿಲ್ಲ. ಮದುವೆ ಆರ್ಡರ್ ಬಿಟ್ಟು ನದಿ ದಂಡೆಯ ಹಳ್ಳಿಗಳಿಗೆ ಓಡಾಡಿದೆ. ಪೆಟ್ರೋಲ್, ಊಟ, ಕೈಬಿಟ್ಟ ಆರ್ಡರ್ ಎಲ್ಲ ಸೇರಿ 20–25 ಸಾವಿರ ಹೋಗಿರಬೇಕು. ಬಂದದ್ದು ಸೊನ್ನೆ. ಪರಿಹಾರದ ಪೊಟ್ಟಣಕ್ಕೆ ಚಾಚಿದ ಕೈಗಳು, ನೀಲಿ ತಾಡಪಲ್ ಡೇರೆ, ಅಳುವ ಮುಖ. ಇವು ಎಲ್ಲರ ಹತ್ತಿರವೂ ಇದ್ದವು. ಒಬ್ಬ ಸಂಪಾದಕರು ಸಿಡಿ ನೋಡಿ, ಯಾವುದು ಯಾವ ಊರು ಅಂತ ಗೊತ್ತೇ ಆಗುವುದಿಲ್ಲವಲ್ಲ ಎಂದರು. ಮಾತು ಸರಿಯಾಗಿಯೇ ಇತ್ತು.

ಊರು ಗೊತ್ತಾಗುವುದು ಕೆಸರಿನಿಂದ. ಎರೆ (ಕಪ್ಪು ಮಣ್ಣಿನ) ನೆಲದಲ್ಲಿ ಕೆಸರು ಒಣಗಿದರೆ ಬೂದು, ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಕೆಂಚು. ಆದರೆ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುವ ವ್ಯವಸ್ಥೆ, ಇವೆರಡನ್ನೂ ಸಿಮೆಂಟ್ ಮಾಡಿಬಿಡುತ್ತದೆ. ಫ್ರೇಮ್ ತುಂಬ ಕಂದು ಇದ್ದರೆ ಅದನ್ನು ತಪ್ಪು ಎಂದುಕೊಂಡು ನೀಲಿ ಸುರಿಯುತ್ತದೆ. ಕೆಸರು ಬೂದಾಯಿತು, ಜೊತೆಗೆ ಕೆಂಪು ಸೀರೆ ಗುಲಾಬಿಗೆ ತಿರುಗಿತು. ಆಮೇಲೆ ನಾವು ಕೂತು ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುತ್ತೇವೆ. ಜಾತ್ರೆ ಶುರುವಾಗುವುದು ಅಲ್ಲಿಂದ. ಬಣ್ಣದ ಮೇಲೆ ಜನಕ್ಕೆ ಸಿಟ್ಟು ಬಂದದ್ದು ಈ ಏರಿಸುವ ಚಟದಿಂದ ಅಂತ ನನ್ನ ಲೆಕ್ಕ.

ನಾನು ಉಲ್ಟಾ ಹೋದೆ. ಮೊದಲು ಕೆಸರಿನ ಬಣ್ಣವನ್ನು ಸರಿಯಾಗಿ ಕೂರಿಸುವುದು, ಉಳಿದ ಬಣ್ಣ ತಾನೇ ಬರಲಿ ಎಂದು ಬಿಡುವುದು. ಏನನ್ನು ನೋಡಿ ವೈಟ್ ಬ್ಯಾಲೆನ್ಸ್ ಹಿಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆಂದೇ ಸಿಗುವ ಬೂದು ರಟ್ಟು, ಗ್ರೇ ಕಾರ್ಡ್ ಅಲ್ಲ, ಅಷ್ಟು ಹೇಳಬಲ್ಲೆ. ನಮ್ಮ ಕಡೆ ಪ್ರತಿ ಮನೆಯಲ್ಲೂ ಸಿಗುತ್ತದೆ.

ಕೆಂಪಿನ ಗೋಳು ಬೇರೆ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂದು ಮೂರು ಚಾನಲ್ ಆಗಿ ಬಣ್ಣ ಹಿಡಿಯುತ್ತದೆ. ಕಡು ಕೆಂಪು ಬಟ್ಟೆ ಇದ್ದರೆ ಮೋಡದ ಬೆಳಕಿನಲ್ಲೂ ಕೆಂಪು ಚಾನಲ್ ಎಲ್ಲಕ್ಕಿಂತ ಮೊದಲು ಮಿತಿ ಮೀರಿ ಉಕ್ಕುತ್ತದೆ. ಸಾದಾ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮೂರೂ ಚಾನಲ್ ಬೇರೆ ಬೇರೆ ನೋಡಿ. ಉಕ್ಕಿದರೆ ಸೆರಗಿನ ನೇಯ್ಗೆ ಹೋಗಿ ಬರೀ ಕೆಂಪು ಪೇಂಟ್ ಉಳಿಯುತ್ತದೆ. ಕೌದಿಯಲ್ಲಿ ನನಗೆ ಬೇಕಾಗಿದ್ದದ್ದು ಆ ಹೊಲಿಗೆ, ಎಳೆ ಎದ್ದ ಅಂಚು. ಅದಕ್ಕೇ ಬೆಳಕನ್ನು ಸುಮಾರು ಮುಕ್ಕಾಲು ಸ್ಟಾಪ್ ಕಡಿಮೆ ಮಾಡಿ ತೆಗೆದೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಇದ್ದರೆ ನೆರಳನ್ನು ಆಮೇಲೆ ಎತ್ತಬಹುದು, ಹೋದ ಕೆಂಪು ವಾಪಸ್ ಬರುವುದಿಲ್ಲ.

ಲೆನ್ಸ್ ಮುಂದೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ಅಂತ ಒಬ್ಬ ಗೆಳೆಯ ಹಠ ಹಿಡಿದಿದ್ದ. ಹಾಕಿದೆ. ಬಣ್ಣ ಗಟ್ಟಿಯಾಯಿತು ನಿಜ. ಆದರೆ ಹಸಿ ಕೆಸರಿನ ಹೊಳಪು ಪೂರ್ತಿ ಹೋಯಿತು, ಉತ್ತ ಹೊಲದ ಹಾಗೆ ಕಂಡಿತು. ನೀರು ನಿನ್ನೆ ಮೊನ್ನೆ ಇಳಿದದ್ದು ಎಂದು ಹೇಳುವುದೇ ಆ ಹೊಳಪು. ಅರ್ಧ ತಿರುಗಿಸಿ ಬಿಟ್ಟೆ.

ಇನ್ನು ಬ್ಲಾಕ್ ಅಂಡ್ ವೈಟ್ ವಾದಕ್ಕೆ ಬರೋಣ. ಅದೇ ಫೈಲನ್ನು ನಾನೂ ಮಾಡಿ ನೋಡಿದ್ದೇನೆ. ಸಾದಾ ತಿರುಗಿಸಿದರೆ ಕೆಂಪು ಸೆರಗು, ಕಂದು ಕೆಸರು ಎರಡೂ ಒಂದೇ ಬೂದು. ಕೌದಿ ಕೆಸರಲ್ಲಿ ಮುಳುಗಿಹೋಗುತ್ತದೆ. ಕೆಂಪನ್ನು ಬೆಳಗಿಸುವ ಸ್ಲೈಡರ್ ಎಳೆದು ಬೇರ್ಪಡಿಸಿದರೆ ಸೆರಗು ಬೆಳ್ಳಗಾಗುತ್ತದೆ. ಕೆಸರಿನ ಮನೆ ಮುಂದೆ ಬಿಳಿ ಬಟ್ಟೆ ಅಂದರೆ ನಮ್ಮೂರಲ್ಲಿ ಯಾರಿಗೆ ಏನು ನೆನಪಾಗುತ್ತದೆ? ಹೆಣದ ಬಟ್ಟೆ. ಬದುಕಿ ಮನೆಗೆ ಮರಳಿದವರ ಚಿತ್ರ ಸಾವಿನ ಚಿತ್ರ ಆಗಿಬಿಡುತ್ತದೆ. ಬಳೆಯ ಹಸಿರೂ ಹೋಗುತ್ತದೆ. ಹಸಿರು ಬಳೆ ಇದ್ದರೆ ಗಂಡ ಇದ್ದಾನೆ, ಸಂಸಾರ ಉಳಿದಿದೆ ಎಂದು ಈ ಕಡೆಯ ಯಾವ ಹೆಂಗಸೂ ಒಂದು ನೋಟದಲ್ಲಿ ಓದುತ್ತಾಳೆ. ಹೊರಗಿನ ತೀರ್ಪುಗಾರರಿಗೆ ಅದು ಓದಲು ಬರಲಿಲ್ಲ, ಬಳೆಯ ಬಣ್ಣ ಕಣ್ಣು ಎಳೆಯುತ್ತದೆ, ಕತ್ತರಿಸಿ ಎಂದರು. ಕತ್ತರಿಸಲಿಲ್ಲ.

ಸಾವನ್ನು ತೋರಿಸಬೇಕಾದಾಗ ಮಾತು ಬೇರೆ. 1984ರ ಅನಿಲ ದುರಂತದ ಭೋಪಾಲ್‌ನಲ್ಲಿ ಮಣ್ಣು ಮಾಡುತ್ತಿದ್ದ ಒಂದೇ ಮಗುವನ್ನು ರಘು ರಾಯ್ ಕಪ್ಪು ಬಿಳುಪಿನಲ್ಲಿ, ಪಾಬ್ಲೊ ಬಾರ್ಥೊಲೊಮ್ಯೂ ಬಣ್ಣದಲ್ಲಿ ತೆಗೆದರು. ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಸಿಕ್ಕಿದ್ದು ಬಣ್ಣದ ಚಿತ್ರಕ್ಕೆ. ಎರಡರ ಮುಂದೆಯೂ ನಿಲ್ಲಲು ಆಗುವುದಿಲ್ಲ. ಅಲ್ಲಿ ಬಣ್ಣ ಇದ್ದರೂ ಅದು ಮಣ್ಣಿನದೇ. ನನ್ನದು ಅಂಥ ಚಿತ್ರ ಅಲ್ಲ, ಹೋಲಿಸುವ ಧೈರ್ಯವೂ ನನಗಿಲ್ಲ. ಬಣ್ಣ ಹಾಕಿದ ಕೂಡಲೇ ದುಃಖ ಹಗುರಾಗುತ್ತದೆ ಎಂಬ ಮಾತು ಸುಳ್ಳು ಅಂತ ಹೇಳಲು ಇಷ್ಟು ಸಾಕು.

ಕೌದಿಯೇ ಯಾಕೆ? ಒಬ್ಬ ಅಜ್ಜಿಯಿಂದ. ನಾನು ಬಾಗಿಲ ಗೆರೆ, ಬಿದ್ದ ಗೋಡೆ ಎಂದು ಸುತ್ತುತ್ತಿದ್ದೆ. ಆಕೆ ಕೆಸರು ತುಂಬಿದ ಕೌದಿಯೊಂದನ್ನು ಬೋರ್ ನೀರಲ್ಲಿ ಅದ್ದಿ ತೆಗೆದು, ನನ್ನ ಕಡೆ ನೋಡಿ, "ಏನ್ ಫೋಟೊ ಹೊಡೀತಿಯೋ ತಮ್ಮಾ, ಇದನ್ನ ಒಬ್ರಿಗೆ ಹಿಂಡಾಕ ಆಗಂಗಿಲ್ಲ, ಹಿಡಿ ಆ ಕಡಿ" ಎಂದಳು. ಹಿಡಿದೆ. ನೆನೆದ ಕೌದಿಯ ಭಾರ ಹಿಂಡಿದವರಿಗೇ ಗೊತ್ತು. ತಲೆ ಎತ್ತಿದರೆ ಓಣಿಯ ಉದ್ದಕ್ಕೂ ಅದೇ ಕೆಲಸ. ಗೋಡೆ, ಜಾಲಿ, ಎತ್ತಿನ ಬಂಡಿ, ಎಲ್ಲದರ ಮೇಲೂ ಕೌದಿ. ಅಷ್ಟು ಹೊತ್ತು ಅದರ ಪಕ್ಕದಲ್ಲೇ ಓಡಾಡಿದ್ದೆ ನೋಡಿ. ಚಿತ್ರದಲ್ಲಿರುವುದು ಆಕೆಯ ಸೊಸೆಯ ಕೈ. ಕೇಳಿಯೇ ತೆಗೆದೆ, ಮುಖ ಬೇಡ ಎಂದಿದ್ದು ಅವರೇ.

ಅಲ್ಲಿಂದ ನನಗೆ ಒಂದು ಲೆಕ್ಕ ಸಿಕ್ಕಿತು. ಸಂಕೇತವನ್ನು ನಾವು ಇಡಬಾರದು. ಕೆಸರಲ್ಲಿ ಬಿದ್ದ ಗೊಂಬೆ, ಒಡೆದ ಗಡಿಯಾರ, ಮುರಿದ ಗೋಡೆಯಲ್ಲಿ ಮೊಳೆತ ಸಸಿ ಇವನ್ನೆಲ್ಲ ಬಿಟ್ಟುಬಿಡಿ. ಅರ್ಧಕ್ಕರ್ಧ ಯಾರೋ ತಂದಿಟ್ಟದ್ದೇ ಇರುತ್ತದೆ. ಸಂತ್ರಸ್ತರ ಕೈ ಕೆಲಸದಲ್ಲಿ ಇರುವ ವಸ್ತುವೇ ಸಂಕೇತ. 2018ರ ಕೇರಳದ ನೆರೆಯಲ್ಲಿ ಒಂದು ಮನೆಯ ತಾರಸಿ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಥ್ಯಾಂಕ್ಸ್ ಎಂದು ಬರೆದಿದ್ದರು, ನೆನಪಿದೆಯಲ್ವಾ? ಅದು ಬರೆದವರ ಕೆಲಸ, ಫೋಟೊ ತೆಗೆದವನದಲ್ಲ. ಅದಕ್ಕೇ ಉಳಿಯಿತು.

ಪ್ರಿಂಟ್‌ನಲ್ಲಿ ಸುರಿದ ದುಡ್ಡು ಕೇಳಬೇಡಿ. ಹೊಳಪಿನ ಪೇಪರ್‌ನಲ್ಲಿ ಕೆಂಪು ಮಿಂಚಿತು, ಕೆಸರು ಚಾಕಲೇಟ್ ಆಯಿತು. ಒಂದು ಲ್ಯಾಬ್ ನನ್ನ ಫೈಲನ್ನು ತಾನೇ ಕರೆಕ್ಷನ್ ಮಾಡಿ ಕಳಿಸಿತು, ಮತ್ತೆ ಅದೇ ಸಿಮೆಂಟ್. ಕರೆಕ್ಷನ್ ಬೇಡ ಎಂದು ಫೈಲ್ ಹೆಸರಿನಲ್ಲೇ ಬರೆದು ಕಳಿಸಿದರೂ ಮಾಡಿದರು. ಬರೀ ಪ್ರಯೋಗದ ಪ್ರಿಂಟ್‌ಗಳಿಗೇ 15–16 ಸಾವಿರ ಆಗಿರಬೇಕು. ಕೊನೆಗೆ ಆ ಓಣಿಯ ಕೆಸರನ್ನೇ ಒಂದು ಡಬ್ಬಿಯಲ್ಲಿ ತಂದಿಟ್ಟುಕೊಂಡಿದ್ದು ಕೆಲಸಕ್ಕೆ ಬಂತು. ನೀರು ಕಲಸಿ ರಟ್ಟಿನ ಮೇಲೆ ಬಳಿದು, ಕಿಟಕಿ ಬೆಳಕಿನಲ್ಲಿ ಪ್ರಿಂಟ್ ಪಕ್ಕ ಹಿಡಿದು ನೋಡುತ್ತಿದ್ದೆ. ಹೆಂಡತಿ ನಕ್ಕಳು. ಆದರೆ ಮಾನಿಟರ್ ಹೇಳದ್ದನ್ನು ಆ ರಟ್ಟು ಹೇಳಿತು: ಹಳದಿ ಸ್ವಲ್ಪ ಜಾಸ್ತಿ. ಈಗ ಹೊಳಪಿಲ್ಲದ ಹತ್ತಿ ಕಾಗದಕ್ಕೆ ಬಂದು ನಿಂತಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ.

ಮಾರಿದ ದುಡ್ಡಲ್ಲಿ ಒಂದು ಪಾಲು ಆ ಮನೆಗೆ ಕೊಟ್ಟು ಬಂದೆ. ಅಜ್ಜಿ ನೋಟು ಎಣಿಸಿ, "ಫೋಟೊಕ್ಕ ಇಷ್ಟು ರೊಕ್ಕ ಅಂದ್ರ ಕೌದಿನೇ ಒಯ್ದು ಮಾರಬೇಕಿತ್ತಲ್ಲೋ" ಎಂದಳು.

ಗೆದ್ದ ಹುಮ್ಮಸ್ಸಿನಲ್ಲಿ ಇದನ್ನೇ ಬೇರೆ ಕಡೆಯೂ ಹಚ್ಚಲು ಹೋದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟ್‌ಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಮುನಿರಾಬಾದ್ ಕಡೆ ಓಡಿದೆ. ದೂರದಿಂದ ಉದ್ದ ಲೆನ್ಸ್‌ನಲ್ಲಿ ತೆಗೆದೆ. ಬಿಳಿ ನೊರೆ, ಬೂದು ಗೋಡೆ, ನಡುವೆ ಕೆಲಸಗಾರರ ಹೆಲ್ಮೆಟ್ಟಿನ ಬಣ್ಣದ ಚುಕ್ಕೆಗಳು. ನೋಡಲು ಚಂದ. ಆದರೆ ಸರ್ಕಾರಿ ಕ್ಯಾಲೆಂಡರ್‌ಗೆ ತೆಗೆದಂತಿತ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿವ ನೀರಲ್ಲೇ ತಾತ್ಕಾಲಿಕ ಗೇಟಿನಂಥ ಸ್ಟಾಪ್‌ಲಾಗ್ ಇಳಿಸಿದ್ದು ದೊಡ್ಡ ಸಾಹಸವೇ, ಅದರ ಬಗ್ಗೆ ಮಾತಿಲ್ಲ. ಆದರೆ ಪೆಟ್ಟು ತಿಂದವರು ಅಲ್ಲಿ ಇರಲಿಲ್ಲ. ಅವರು ಆ ಡ್ಯಾಮಿನ ನೀರನ್ನೇ ನಂಬಿದ ಗಂಗಾವತಿ, ಕಾರಟಗಿ, ಸಿಂಧನೂರಿನ ಗದ್ದೆಗಳಲ್ಲಿ ನೀರಿನ ಲೆಕ್ಕ ಹಾಕುತ್ತಾ ಕೂತಿದ್ದರು. ಅಲ್ಲಿಗೂ ಹೋದೆ. ನಾಟಿ ಮುಗಿದ ಗದ್ದೆ ಕಣ್ಣು ಹಾಯಿಸಿದಷ್ಟೂ ಹಸಿರು. ಅಷ್ಟು ಹಸಿರು ಇದ್ದರೆ ನೋಡುವವನಿಗೆ ತೊಂದರೆಯೇ ಕಾಣುವುದಿಲ್ಲ. ಬಣ್ಣಕ್ಕೆ ಎದುರು ನಿಲ್ಲುವ ಕೆಸರು ಬೇಕು. ಇನ್ನೂ ಬಂದಿಲ್ಲದ ಕಷ್ಟಕ್ಕೆ ಯಾವ ಬಣ್ಣ ಹಿಡಿಯಬೇಕೋ ನನಗೆ ಹೊಳೆದಿಲ್ಲ.

ಗೇಟಿನ ಫೋಟೊ ಬೇಕಾದವರು ಸ್ಟುಡಿಯೊಗೆ ಬಂದು ಸುಮ್ನೆ ಒಯ್ಯಬಹುದು. ಕೌದಿಯದು 6 ಸಾವಿರ, ಫ್ರೇಮ್ ಹಾಕಿಸಿದರೆ ಬೇರೆ.